ಕುರಿಯ ದವಡೆ, ಖಡಕ್ ರೊಟ್ಟಿ

ಎದುರಿಗೆ ಕುಳಿತವರು ನಕ್ಕರೆ ನಾನು ಅವರ ನಗು ನೋಡುವುದಿಲ್ಲ, ಹಲ್ಲು ನೋಡುತ್ತೇನೆ. ಇದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ಹೆಣ್ಣು ನೋಡಲು ಗದಗಿನ ಕಡೆಗೆ ಹೋದಾಗಲೂ ಇದೇ ಆಯಿತು. ಗಿರಿಜಾ ಉಪ್ಪಿಟ್ಟಿನ ತಟ್ಟೆ ಇಟ್ಟು ನಾಚಿ ನಕ್ಕಳು. ನಾನು ಅವಳ ಬಾಚಿಹಲ್ಲು ನೋಡಿ, ಅಂಚು ಚೆನ್ನಾಗಿ ಸವೆದಿದೆ, ಗಟ್ಟಿ ರೊಟ್ಟಿ ಕಡಿದು ತಿನ್ನುವ ಮನೆತನ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. "ಅವತ್ತು ನೀವು ನನ್ನ ನಗಿ ನೋಡಕೋತ ಹಂಗ ಕುಂತಬಿಟ್ಟಿದ್ರಿ" ಎಂದು ಅವಳು ಇಂದಿಗೂ ಹೇಳುತ್ತಾಳೆ. ಸಂಸಾರ ಸುಖವಾಗಿ ನಡೆಯುತ್ತಿರುವಾಗ ಇಂಥ ವಿಷಯಗಳಲ್ಲಿ ತಿದ್ದುಪಡಿ ಮಾಡಲು ಹೋಗಬಾರದು. ನಾನೂ ಹೂಂ ಎಂದು ಸುಮ್ಮನಿದ್ದೇನೆ.

ಹಲ್ಲು ನೋಡುವವನು ಎಂದೊಡನೆ ದಂತವೈದ್ಯ ಎಂದುಕೊಳ್ಳಬೇಡಿ. ನಾನು ನೋಡುವ ಹಲ್ಲುಗಳ ಒಡೆಯರು ಸತ್ತು ಲಕ್ಷಾಂತರ ವರ್ಷಗಳಾಗಿವೆ, ನೋವು ಎಂದು ಯಾರೂ ದೂರುವುದಿಲ್ಲ. ನನ್ನದು ಪಳೆಯುಳಿಕೆಗಳ ಅಧ್ಯಯನ. ಹಾಗೆಂದ ಕೂಡಲೇ ಬಂಧುಗಳೆಲ್ಲ "ಡೈನೋಸಾರ್ ಸಿಕ್ತಾ?" ಎನ್ನುತ್ತಾರೆ. ಸಿಕ್ಕಿಲ್ಲ, ಸಿಗುವುದೂ ಇಲ್ಲ. ನಾನು ಹುಡುಕುವುದು ನಮ್ಮ ಹಿಂದಿನವರನ್ನು, ಅಂದರೆ ಅಜ್ಜ ಮುತ್ತಜ್ಜಂದಿರನ್ನೂ ದಾಟಿ, ಕಲ್ಲಿನ ಕೊಡಲಿ ಹಿಡಿದು ಕೃಷ್ಣೆಯ ಕಡೆಯ ಹಳ್ಳಗಳ ದಂಡೆಯಲ್ಲಿ ಓಡಾಡುತ್ತಿದ್ದ ಆದಿಮಾನವರನ್ನು. ಅವರ ಕೊಡಲಿಗಳು ಬೇಕಾದಷ್ಟು ಸಿಗುತ್ತವೆ, ಆದರೆ ಅವರು ಮಾತ್ರ ಸಿಗುವುದಿಲ್ಲ. ನಮ್ಮ ನೆಲದಲ್ಲಿ ಅವರ ಮೂಳೆ ಉಳಿದದ್ದೇ ಅಪರೂಪ. ಉಳಿದಿರುವುದು ಅವರ ಸುತ್ತಮುತ್ತ ಮೇಯುತ್ತಿದ್ದ ದನ, ಜಿಂಕೆಗಳ ಹಲ್ಲು. ಮನುಷ್ಯ ಕಾಡು ಬಿಟ್ಟು ಬಯಲಿಗೆ ಬಂದ, ಎದ್ದು ನಡೆದ, ಮನುಷ್ಯನಾದ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆಗ ಅಲ್ಲಿ ಬಯಲಿತ್ತೋ ಕಾಡಿತ್ತೋ ಎಂದು ಯಾರನ್ನು ಕೇಳುವುದು? ಹುಲ್ಲು ತಿಂದವರನ್ನೇ ಕೇಳಬೇಕು. ಹುಲ್ಲಿನಲ್ಲಿ ಮರಳಿನಂಥ ಅಂಶವಿರುತ್ತದೆ, ಜೊತೆಗೆ ನೆಲದ ದೂಳು. ಹಾಗಾಗಿ ಹುಲ್ಲು ಮೇಯ್ದ ದವಡೆಹಲ್ಲು ಬೀಸುವ ಕಲ್ಲಿನ ಹಾಗೆ ಸಪಾಟಾಗುತ್ತದೆ. ಮರದ ಸೊಪ್ಪು ತಿಂದದ್ದರ ಹಲ್ಲು ಚೂಪಾಗಿಯೇ ಉಳಿಯುತ್ತದೆ. ಹಲ್ಲು ಸಪಾಟಾಗಿದ್ದರೆ ಅಲ್ಲಿ ಹುಲ್ಲುಗಾವಲಿತ್ತು, ಚೂಪಾಗಿದ್ದರೆ ಮರಗಳಿದ್ದವು. ನನ್ನ ವಿದ್ಯೆಯ ಸಾರವೆಲ್ಲ ಇಷ್ಟೇ. ಇಷ್ಟಕ್ಕೆ ಸಂಬಳವನ್ನೂ ಕೊಡುತ್ತಾರೆ.

ಹಳೆಯ ಹಲ್ಲನ್ನು ಓದಬೇಕಾದರೆ ಹೋಲಿಸಿ ನೋಡಲು ಇಂದಿನ ಹಲ್ಲು ಬೇಕು. ಇಂಥದ್ದನ್ನೇ ಮೇಯ್ದಿದೆ ಎಂದು ಗೊತ್ತಿರುವ ಪ್ರಾಣಿಯ ಇಡೀ ಕೆಳದವಡೆ, ಬೇಯಿಸಿ, ಮಾಂಸ ಬಿಡಿಸಿ, ತೊಳೆದು ಒಣಗಿಸಿದ್ದು. ನಮ್ಮ ಸಂಶೋಧನಾಲಯ ಇರುವುದು ಎಲೆಕ್ಟ್ರಾನಿಕ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿ. ಕೆಳಗಿನ ಮಹಡಿಯಲ್ಲಿ ಸಾಫ್ಟ್‌ವೇರ್ ಕಂಪನಿ, ಮೇಲೆ ವಿಮೆಯ ಕಾಲ್ ಸೆಂಟರ್, ನಡುವೆ ನಾವು ಮತ್ತು ನಮ್ಮ ಹಲ್ಲು. ಒಮ್ಮೆ ಒಂದು ದವಡೆಯನ್ನು ಅಲ್ಲಿನ ಕಾಫಿಯಂತ್ರದ ಪಕ್ಕ ಕುದಿಯಲು ಇಟ್ಟೆವು. ಹವಾನಿಯಂತ್ರಣದ ಕೊಳವೆ ಕಟ್ಟಡಕ್ಕೆಲ್ಲ ಒಂದೇ ಎಂಬುದು ಆ ಮಧ್ಯಾಹ್ನವೇ ನಮಗೆ ತಿಳಿದದ್ದು. ಸಾಫ್ಟ್‌ವೇರಿನವರು ಕೆಲಸ ಬಿಟ್ಟು ಕೆಳಗಿಳಿದು ಹೋದರು. ಕಟ್ಟಡದ ಮ್ಯಾನೇಜರು ಬಂದು, ಮೈಕ್ರೋಸ್ಕೋಪಿನಲ್ಲಿ ಏನನ್ನು ಬೇಕಾದರೂ ನೋಡಿ, ಒಲೆಯ ಮೇಲೆ ಮಾತ್ರ ಏನನ್ನೂ ಇಡಬೇಡಿ ಎಂದು ಕೈಮುಗಿದರು. ಗೇಟಿನ ಸೆಕ್ಯೂರಿಟಿಯವನು ಈಗಲೂ ನನ್ನ ಚೀಲ ತೆರೆಸಿ, ಒಳಗೆ ಹಲ್ಲಿದ್ದರೆ "ಲ್ಯಾಪ್‌ಟಾಪ್ ಇಲ್ಲ ತಾನೇ ಸಾರ್? ಅಂಗಾದ್ರೆ ಓಗಿ" ಎಂದು ಬಿಡುತ್ತಾನೆ. ಅವನಿಗೆ ಲ್ಯಾಪ್‌ಟಾಪು ಮಾತ್ರ ಅಪಾಯದ ವಸ್ತು.

ಇನ್ನುಳಿದದ್ದು ಮನೆ. ನಮ್ಮ ಮನೆಯ ವಿಷಯ ಹೇಳಬೇಕು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ನಾನಾಗಲಿ ನನ್ನ ಹಿಂದಿನವರಾಗಲಿ (ಹತ್ತಿರದ ಹಿಂದಿನವರು ಎಂದಿಟ್ಟುಕೊಳ್ಳಿ, ಕೊಡಲಿಯವರ ಮಾತು ಬೇರೆ) ಮಾಂಸ ಮುಟ್ಟಿದವರಲ್ಲ. ಮೊಟ್ಟೆ ಹಾಕಿದ ಕೇಕಿನ ಬಗ್ಗೆಯೂ ನಮ್ಮಲ್ಲಿ ವಿಚಾರಣೆ ನಡೆಯುತ್ತದೆ. ಅದಲ್ಲದೆ ಗಿರಿಜಾಳ ರೊಟ್ಟಿ ವ್ಯಾಪಾರ. ಈ ಊರಿಗೆ ಬಂದ ಹೊಸದರಲ್ಲಿ ಅವಳಿಗೆ ಮಾತಾಡಲು ಒಬ್ಬರೂ ಇರಲಿಲ್ಲ. ಬೇಸರ ಕಳೆಯಲು ಎದುರಿನ ದೊಡ್ಡ ಅಪಾರ್ಟ್‌ಮೆಂಟಿನ ನಮ್ಮ ಕಡೆಯವರೊಬ್ಬರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿಕೊಟ್ಟಳು. ಅವರು ಇನ್ನೊಬ್ಬರಿಗೆ ಹೇಳಿದರು, ಇನ್ನೊಬ್ಬರು ಮತ್ತೊಬ್ಬರಿಗೆ. ಈಗ ಆ ಅಪಾರ್ಟ್‌ಮೆಂಟಿನ ಮಠದವರು, ಪಾಟೀಲರು, ದೇಸಾಯರು ಎಲ್ಲರ ಮನೆಗೂ ಅವಳ ರೊಟ್ಟಿಯೇ ಹೋಗುವುದು. ಪೊಟ್ಟಣದ ಮೇಲೆ 'ಶುದ್ಧ ಶಾಕಾಹಾರಿ ಅಡುಗೆಮನೆಯಲ್ಲಿ ತಯಾರಾದದ್ದು' ಎಂದು ಅಚ್ಚು ಹಾಕಿಸಿದ್ದಾಳೆ. ನನ್ನನ್ನು ಅಲ್ಲಿ ಯಾರೂ ವಿಜ್ಞಾನಿ ಎಂದು ಗುರುತಿಸುವುದಿಲ್ಲ, 'ರೊಟ್ಟಿ ಅಕ್ಕನ ಮನೆಯವರು' ಎನ್ನುತ್ತಾರೆ. ನನಗೆ ಅದರಲ್ಲಿ ಹೆಮ್ಮೆಯೇ ಇದೆ. ಗುರುತಿಲ್ಲದ ಊರಿನಲ್ಲಿ ಅವಳು ತನ್ನ ಕೈಯಿಂದಲೇ ಹೆಸರು ಮಾಡಿಕೊಂಡಳು. ದವಡೆಯ ಸುದ್ದಿ ತೆಗೆದಾಗ ಅವಳು ಲಟ್ಟಣಿಗೆ ಹಿಡಿದವಳು ಹಿಡಿದಂತೆಯೇ ಹೇಳಿದಳು: "ನೋಡ್ರಿ, ನಿಮ್ಮ ಹಲ್ಲು, ದವಡಿ, ಬುರುಡಿ ಯಾವುದೂ ನನ್ನ ಅಡಗಿ ಮನಿ ಹೊಸ್ತಿಲಾ ದಾಟಬಾರದು. ದಾಟಿತಂದ್ರ ಒಂದ ಅದು ಹೊರಗ, ಇಲ್ಲಾ ನೀವು ಹೊರಗ."

ಆಗ ನೆನಪಾದವರು ಜಯಮ್ಮ, ನಮ್ಮ ಮನೆಯ ಮಾಲೀಕರು. ಇವೆಲ್ಲ ರಾಗಿ ಹೊಲವಾಗಿದ್ದ ಕಾಲದಿಂದ ಇಲ್ಲೇ ಇರುವ ಒಕ್ಕಲು ಮನೆಯವರು. ಹೊಲ ಹೋಗಿ ಕಟ್ಟಡವಾಯಿತು, ಕೆಳಗೆ ಅವರು, ಮೇಲೆ ನಾವು; ಆದರೆ ಹಿತ್ತಿಲು, ಹಿತ್ತಿಲಿನ ಸೌದೆ ಒಲೆ, ಕೆಲವು ಆಡು, ಇವನ್ನು ಅವರು ಬಿಟ್ಟುಕೊಟ್ಟಿಲ್ಲ. ಮೊದಲು ನಾನು ಆ ಆಡುಗಳ ಮೇಲೆಯೇ ಕಣ್ಣಿಟ್ಟಿದ್ದೆ. ಏನು ತಿನ್ನುತ್ತವೆ ಎಂದು ಖಚಿತ ಮಾಡಿಕೊಳ್ಳಲು ಒಂದು ರಜೆಯ ದಿನ ಅವುಗಳ ಹಿಂದೆಯೇ ತಿರುಗಿದೆ. ಬೆಳಿಗ್ಗೆ ಒಂದು ಕಂಪನಿಯ ಕಾಂಪೌಂಡಿನಿಂದ ಹೊರಗೆ ಚಾಚಿದ ಅಲಂಕಾರದ ಗಿಡ, ಆಮೇಲೆ ಕ್ಯಾಂಟೀನಿನ ಬಾಳೆ ಎಲೆ, ಮಧ್ಯಾಹ್ನ ಪಿಜ್ಜಾದ ರಟ್ಟಿನ ಡಬ್ಬಿ, ಸಂಜೆಗೆ 'ಸೈಟು ಮಾರಾಟಕ್ಕಿದೆ' ಎಂಬ ಫಲಕದ ಒಂದು ಮೂಲೆ. ಇಂಥ ಆಡಿನ ಹಲ್ಲನ್ನು ಮುಂದೆ ಯಾರಾದರೂ ಅಗೆದು ತೆಗೆದರೆ, ಬೊಮ್ಮಸಂದ್ರದ ಸುತ್ತ ಒಂದು ಕಾಲದಲ್ಲಿ ದಟ್ಟವಾದ ರಟ್ಟಿನ ಕಾಡಿತ್ತು ಎಂದು ಬರೆಯಬೇಕಾಗುತ್ತದೆ. ನನ್ನ ಕೆಲಸಕ್ಕೆ ಬಯಲಲ್ಲಿ ಹುಲ್ಲು ಮೇಯ್ದ ಕುರಿಯೇ ಬೇಕಿತ್ತು. ಜಯಮ್ಮನವರೇ ದಾರಿ ಹೇಳಿದರು: "ಅಯ್ಯೋ ಅದ್ಯಾಕೆ ಅಷ್ಟೊಂದು ಯೋಚ್ನೆ ಮಾಡ್ತೀರಾ ಸಾರ್? ಮೇನ್ ರೋಡಲ್ಲಿ ಭಾಯ್ ಅಂಗ್ಡಿಗೆ ಶಿರಾ ಕಡೆ ಕುರಿ ಬರ್ತವೆ. ಭಾನ್ವಾರ ತಲೆ ತಂದ್ಕೊಡಿ, ನಾನು ಇತ್ಲಲ್ಲಿ ಸುಟ್ಟು ಬೇಯ್ಸಿ ಸಾರು ಮಾಡ್ಕೋತೀನಿ. ಮೂಳೆ ತೊಳ್ದು ನಿಮ್ಗೆ ಕೊಡ್ತೀನಿ." ತಲೆಮಾಂಸ ಅವರಿಗೆ, ದವಡೆ ನನಗೆ, ಗಿರಿಜಾಳ ಹೊಸ್ತಿಲು ಅದರ ಪಾಡಿಗೆ ಅದು. ಇಷ್ಟು ಅಚ್ಚುಕಟ್ಟಾದ ಒಪ್ಪಂದವನ್ನು ನಾನು ಯಾವ ವಿಶ್ವವಿದ್ಯಾಲಯದ ಜೊತೆಗೂ ಮಾಡಿಕೊಂಡಿಲ್ಲ.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ ಎಂಬುದು ಹುಟ್ಟಾ ಸಸ್ಯಾಹಾರಿಯಾದ ನನಗೆ ಗೊತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ಕಾರ್ಖಾನೆಯ ಹುಡುಗರು, ಸ್ಟೀಲಿನ ಡಬ್ಬಿ ಹಿಡಿದ ಗೃಹಸ್ಥರು, ಎಲ್ಲರೂ ದೇವಸ್ಥಾನದಲ್ಲಿ ನಿಂತಷ್ಟೇ ಶಾಂತವಾಗಿ ನಿಂತಿದ್ದರು. ನನ್ನ ಬೆನ್ನ ಹಿಂದೆ ಮಂಕಿ ಕ್ಯಾಪನ್ನು ಹುಬ್ಬಿನ ತನಕ ಎಳೆದುಕೊಂಡ ಹಿರಿಯರೊಬ್ಬರಿದ್ದರು. ನಾನು ತಿರುಗಿ ನೋಡಿದಾಗ ಅವರು ಹೊಸೂರು ರಸ್ತೆಯ ಮೇಲ್ಸೇತುವೆಯನ್ನು ಮೊದಲ ಸಲ ಕಂಡವರಂತೆ ನೋಡುತ್ತ ನಿಂತರು. ಬಾಯಿ ಬಿಡಲಿಲ್ಲವಾದ್ದರಿಂದ ನನಗೆ ಗುರುತು ಹತ್ತಲಿಲ್ಲ. ನನ್ನ ಸರದಿ ಬಂತು. ಅಂಗಡಿಯ ಭಾಯ್ ಮಚ್ಚು ಒರೆಸುತ್ತ ಕೇಳಿದರು.

"ಏನ್ ಸಾರ್, ಫಸ್ಟ್ ಟೈಮಾ? ಏನ್ ಕೊಡ್ಲಿ?"

ಆ ಮಾತನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಬಹುದೋ ಅಷ್ಟು ಸಣ್ಣ ದನಿಯಲ್ಲಿ ಹೇಳಿದೆ. "ಒಂದು ಕುರಿ ತಲೆ. ಕಟ್ ಮಾಡಬೇಡಿ, ಇಡೀ ತಲೆ ಬೇಕು. ದವಡೆ ಮಾತ್ರ ಮುರೀಬಾರ್ದು."

"ಕಟ್ ಮಾಡ್ದೆ ಬ್ರೈನ್ ಹೆಂಗೆ ತೆಗೀತೀರಾ ಸಾರ್?"

"ಬ್ರೈನ್ ಬೇಡ. ನನಗೆ ಹಲ್ಲು ಸಾಕು."

ಮಚ್ಚು ನಿಂತಿತು. ಪಕ್ಕದಲ್ಲಿದ್ದ ಹುಡುಗನೊಬ್ಬ ತನ್ನ ಗೆಳೆಯನಿಗೆ, "ಮಗಾ, ಹಲ್ಲಲ್ಲೇನೋ ಟೇಸ್ಟ್ ಇರತ್ತೆ?" ಎಂದ. ಭಾಯ್ ನನ್ನ ಹಣೆಯ ವಿಭೂತಿಯನ್ನು ಒಮ್ಮೆ, ಕುರಿಯ ತಲೆಯನ್ನು ಒಮ್ಮೆ ನೋಡಿ, ಮೆಲ್ಲಗೆ "ಏನಾದ್ರೂ ಪೂಜೆಗಾ ಸಾರ್?" ಎಂದರು. ಆದಿಮಾನವ, ಹುಲ್ಲುಗಾವಲು ಎಂದೆಲ್ಲ ವಿವರಿಸಲು ಅದು ಜಾಗವಲ್ಲ. ತಲೆಯನ್ನು ಚೀಲದಲ್ಲಿ ಹಾಕಿಕೊಂಡು, ತಪ್ಪೇನೂ ಮಾಡದವನು ನಡೆಯುವುದಕ್ಕಿಂತ ಸ್ವಲ್ಪ ಜೋರಾಗಿಯೇ ನಡೆದು ಬಂದೆ.

ಹೀಗೆ ಕೆಲವು ಭಾನುವಾರಗಳು ಕಳೆದವು, ದವಡೆಗಳು ಸೇರತೊಡಗಿದವು. ಅವನ್ನು ಬಿಸಿಲಿಗೆ ಒಣಗಿಸಬೇಕಲ್ಲ, ಮಹಡಿಯ ಮೇಲೆ ಹಳೆಯ ಪತ್ರಿಕೆ ಹಾಸಿ ಸಾಲಾಗಿ ಜೋಡಿಸಿದೆ. ಮಹಡಿ ಅಡುಗೆಮನೆಯಲ್ಲ, ಹೊಸ್ತಿಲೂ ಅಲ್ಲ, ಆದ್ದರಿಂದ ಕರಾರು ಮುರಿದಂತಾಗಲಿಲ್ಲ ಎಂಬುದು ನನ್ನ ತರ್ಕ. ಆ ದಿನ ಗಿರಿಜಾ ಬೆಳಿಗ್ಗೆಯೇ ರೊಟ್ಟಿಗಳನ್ನು ಅದೇ ಮಹಡಿಯ ಈ ತುದಿಯಲ್ಲಿ ಬಿಳಿ ಪಂಚೆಯ ಮೇಲೆ ಗರಿಗರಿಯಾಗಲು ಹರವಿ, ಚಟ್ನಿಯ ಶೇಂಗಾ ತರಲು ಪೇಟೆಗೆ ಹೋಗಿದ್ದಳು. ಅವಳು ತಿರುಗಿ ಬರುವಷ್ಟರಲ್ಲಿ ಎತ್ತಿಟ್ಟರಾಯಿತು ಎಂದುಕೊಂಡೆ. ಎದುರಿನ ಅಪಾರ್ಟ್‌ಮೆಂಟು ನಮ್ಮ ಮನೆಗಿಂತ ಬಹಳ ಎತ್ತರವಿದೆ, ಅದರ ಬಾಲ್ಕನಿಗಳೆಲ್ಲ ನಮ್ಮ ಮಹಡಿಗೆ ಮುಖ ಮಾಡಿವೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಬಂದಿತ್ತು: ಒಂದು ಕಡೆ ರೊಟ್ಟಿ, ಒಂದು ಕಡೆ ದವಡೆ, ನಡುವೆ ಲುಂಗಿ ಉಟ್ಟು ನಾನು. ಹಾಕಿದವರು ಸಂಗಪ್ಪನವರು. ಸಂಗಪ್ಪನವರೆಂದರೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಸೋಮವಾರ ಸಂಜೆ ವಚನ ಪಾರಾಯಣ ನಡೆಸುವವರು, ಗಿರಿಜಾಳ ಎಲ್ಲರಿಗಿಂತ ದೊಡ್ಡ ಗಿರಾಕಿ. ಚಿತ್ರದ ಕೆಳಗೆ ಅವರು ಬರೆದಿದ್ದರು: "ರೊಟ್ಟಿ ತರಿಸುವವರ ಗಮನಕ್ಕೆ. ಇವರು ಭಾನುವಾರ ಮಟನ್ ಅಂಗಡಿಯಲ್ಲಿ ಕಟ್ ಮಾಡಬೇಡಿ, ಇಡೀ ತಲೆ ಬೇಕು, ದವಡೆ ಮಾತ್ರ ಮುರಿಯಬಾರದು ಎಂದು ಹೇಳಿ ಕೊಂಡೊಯ್ದಿದ್ದು ವಿಶ್ವಸನೀಯ ಮೂಲಗಳಿಂದ ತಿಳಿದುಬಂದಿದೆ." ಸಂಜೆಯೊಳಗೆ ಆರ್ಡರುಗಳು ಒಂದೊಂದಾಗಿ ರದ್ದಾದವು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರಿಗೆ ಡಾಕ್ಟರು ಜೋಳ ಬೇಡವೆಂದಿದ್ದರು, ಇನ್ನೊಬ್ಬರಿಗೆ ಊರಿನಿಂದ ರೊಟ್ಟಿ ಬಂದುಬಿಟ್ಟಿತ್ತು. ಗಿರಿಜಾ ಫೋನು ಕೆಳಗಿಟ್ಟು, ಒಣಗಿದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕುಳಿತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ನಾವು ತಿನ್ನೂದಿಲ್ಲ ಅಂತ ಹೇಳಾಕ ಬರೂದಿಲ್ಲೇನ್ರಿ ನಿಮಗ?" ಎಂದಳು ಕೊನೆಗೆ.

ಹೇಳಬಹುದಿತ್ತು. ಆದರೆ ಹೇಗೆ ಹೇಳಲಿ? ಮೂಳೆ ಸಿಕ್ಕಿದೆ, ಸುಟ್ಟ ಗುರುತಿದೆ, ಪಕ್ಕದಲ್ಲೇ ಒಲೆಯಿದೆ, ಮನುಷ್ಯನೂ ಅಲ್ಲಿಯೇ ಇದ್ದಾನೆ. ಇಂಥದೇ ಒಂದು ಹಳ್ಳದ ದಂಡೆಯಲ್ಲಿ ಒಡೆದ ಮೂಳೆ ಮತ್ತು ಕಲ್ಲಿನ ಕೊಡಲಿ ಒಟ್ಟಿಗೆ ಸಿಕ್ಕಾಗ ನಾನೇ ಸಂಕೋಚವಿಲ್ಲದೆ ಬರೆದಿದ್ದೆ, ಇಲ್ಲಿನವರು ಈ ಪ್ರಾಣಿಯನ್ನು ತಿಂದಿದ್ದರು ಎಂದು. ಆ ಲೇಖನವನ್ನು ಓದಿದವರು ತಲೆದೂಗಿದ್ದರು. ಈಗ ಸಂಗಪ್ಪನವರು ನನ್ನದೇ ಪದ್ಧತಿಯಲ್ಲಿ ನನ್ನದೇ ಮಹಡಿಯನ್ನು ಓದಿದ್ದಾರೆ. ಸಾಕ್ಷಿ ಅವರ ಕಡೆಗಿದೆ. ಇದನ್ನು ಗಿರಿಜಾಳಿಗೆ ಹೇಳಿದೆ. ವಿದ್ವತ್ತಿನ ಮಾತಿಗೆ ಕಾಲ ಯಾವುದು, ಅಕಾಲ ಯಾವುದು ಎಂಬ ತಿಳಿವಳಿಕೆ ನನಗೆ ಮೊದಲಿನಿಂದಲೂ ಕಡಿಮೆ.

ಮರುದಿನ ಜಯಮ್ಮನವರು ನಮ್ಮ ಪರವಾಗಿ ರಂಗಕ್ಕಿಳಿದರು. ಗೇಟಿನ ಹತ್ತಿರ ತರಕಾರಿ ಗಾಡಿಯ ಸುತ್ತ ಅಪಾರ್ಟ್‌ಮೆಂಟಿನ ಹೆಂಗಸರು ಸೇರಿದ್ದರು. ನಾನು ಮೇಲಿನ ಕಿಟಕಿಯಲ್ಲಿದ್ದೆ. ಜಯಮ್ಮ ಸೊಂಟಕ್ಕೆ ಕೈಕೊಟ್ಟು, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಯಾವ್ಳಮ್ಮಾ ಏಳಿದ್ದು ಅವ್ರು ಮಾಂಸ ತಿಂತಾರೆ ಅಂತ? ಆ ಸಾರ್ ದೇವ್ರಂತ ಮನ್ಸ. ಮಾಂಸ ಎಲ್ಲಾ ನಾವು ತಿಂತೀವಿ ಕಣ್ರೀ, ಅವ್ರು ಬರೀ ಮೂಳೆ ತಗೊಂಡೋಗ್ತಾರೆ!" ಒಬ್ಬಾಕೆ ಕೈಯಲ್ಲಿದ್ದ ಬದನೆಕಾಯಿಯನ್ನು ಹಾಗೇ ಗಾಡಿಗೆ ವಾಪಸು ಇಟ್ಟರು. ಉಳಿದಿದ್ದ ಒಂದೆರಡು ಆರ್ಡರುಗಳೂ ಅವತ್ತು ಹೋದವು.

ಅಂದು ಸಂಜೆ ಗಿರಿಜಾ ಸಂಗಪ್ಪನವರ ಸಂದೇಶವನ್ನು ಮತ್ತೆ ತೆರೆದು ಓದುತ್ತಿದ್ದಳು. ಓದಿ, ಇನ್ನೊಮ್ಮೆ ಓದಿ, ನನ್ನನ್ನು ಕೇಳಿದಳು: "ದವಡಿ ಮುರೀಬಾರದು ಅಂತ ಅಂಗಡಿಯಾಂವಗ ನೀವು ಜೋರಾಗಿ ಹೇಳಿದ್ರೇನು?" ಇಲ್ಲ, ಬಹಳ ಸಣ್ಣ ದನಿಯಲ್ಲಿ ಹೇಳಿದ್ದೆ, ಬೆನ್ನ ಹಿಂದಿನವರಿಗೆ ಕೇಳಿಸಿದ್ದರೆ ಹೆಚ್ಚು ಎಂದೆ. ಅವಳ ಮುಖದಲ್ಲಿ ನಗು ಮೂಡಿತು. ಎರಡು ದಿನಗಳ ಮೇಲೆ ಕಂಡ ನಗು. ಆ ಹೊತ್ತು ನಾನು ಹಲ್ಲು ನೋಡಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. "ಏಳ್ರಿ, ಅಂಗಿ ಹಾಕ್ಕೊಳ್ರಿ. ಸಂಗಪ್ಪನವರ ಮನಿಗೆ ಹೋಗಿ ಬರೂಣು" ಎಂದು ಒಂದು ಪೊಟ್ಟಣ ರೊಟ್ಟಿ ತೆಗೆದುಕೊಂಡಳು.

ಸಂಗಪ್ಪನವರ ಪತ್ನಿ ಅನ್ನಪೂರ್ಣಮ್ಮ ಚಹಾ ಕೊಟ್ಟರು. ಸಂಗಪ್ಪನವರು ಸೋಫಾದಲ್ಲಿ ನೆಟ್ಟಗೆ ಕುಳಿತು, ನಡೆದದ್ದಕ್ಕೆ ತಮಗೂ ಬೇಸರವಿದೆ, ಆದರೆ ಆಚಾರ ಆಚಾರವೇ ಎಂಬ ಮುಖ ಮಾಡಿದ್ದರು. ಗಿರಿಜಾ ಬಹಳ ವಿನಯವಾಗಿ ಶುರು ಮಾಡಿದಳು.

"ಯಜಮಾನ್ರ, ನೀವು ಬರದದ್ದು ಖರೇನ ಐತ್ರಿ. ಇವರು ಹಂಗ ಅಂದಾರ. ಹಲ್ಲಿನ ಅಭ್ಯಾಸಕ್ಕ ಇವರಿಗೆ ದವಡಿ ಬೇಕಾಗ್ತೈತಿ, ನಾವು ತಿನ್ನೂದಿಲ್ಲ. ಅದನ್ನ ನಾವು ಹೇಳಿದ್ರ ಯಾರು ನಂಬ್ತಾರ? ಅದಕ್ಕ ಒಂದು ವಿಚಾರ ಬಂತು. ಇವರು ಅಂದ ಮಾತನ್ನ ಒಂದು ಅಕ್ಷರ ಬಿಡದಂಗ ಕೇಳ್ಕೊಂಡು ಬಂದು ನಿಮಗ ಹೇಳ್ಯಾರಲ್ರಿ, ಆ ಪುಣ್ಯಾತ್ಮರು ಸಾಲಿನ್ಯಾಗ ಇವರ ಬೆನ್ನ ಹಿಂದನ ನಿಂತಿರಬೇಕು. ಅವರು ಯಾರು ಅಂತ ಹೇಳಿದ್ರ, ಅವರ ಕಡಿಂದನ ಗುಂಪಿನ್ಯಾಗ ಖರೆ ಸಂಗತಿ ಬರಸೂಣು."

ಸಂಗಪ್ಪನವರು ಬಾಯಿ ತೆರೆದರು. ಆ ತೆರೆದ ಬಾಯಿಯಲ್ಲಿ ಮೂಳೆ ಕಡಿದು ಸವೆದ ದವಡೆಹಲ್ಲು ನನಗೆ ಸ್ಪಷ್ಟವಾಗಿ ಕಂಡಿತು. ಬಾಗಿಲ ಹಿಂದಿನ ಮೊಳೆಯಲ್ಲಿ ಮಂಕಿ ಕ್ಯಾಪೂ ನೇತಾಡುತ್ತಿತ್ತು. ಅನ್ನಪೂರ್ಣಮ್ಮ ಗಂಡನ ಕಡೆ ತಿರುಗಿ, "ಭಾನುವಾರ ನೀವು ವಾಕಿಂಗ್ ಹೋಗೂದು ಮೇನ್ ರೋಡಿನ ಕಡೇನ ಅಲ್ರಿ? ನಿಮಗ ಯಾರಾದ್ರೂ ಕಂಡ್ರೇನು?" ಎಂದು ಯಾವ ಕಪಟವೂ ಇಲ್ಲದೆ ಕೇಳಿದರು. ಸಂಗಪ್ಪನವರು ಚಹಾದ ಬಸಿ ಕೆಳಗಿಟ್ಟು ಫೋನು ಕೈಗೆತ್ತಿಕೊಂಡರು. "ಸಂಶೋಧನೆ ಅಂದ್ರ ದೊಡ್ಡ ಕೆಲಸರಿ, ದೊಡ್ಡ ಕೆಲಸ" ಎಂದರು ಅವಸರದಲ್ಲಿ. "ನನಗ ಇದು ತಿಳಿದಿರಲಿಲ್ಲ. ನಾನ ಬರೀತೀನಿ, ಈಗಿಂದೀಗ ಬರೀತೀನಿ." ನಾವು ಚಹಾ ಮುಗಿಸುವುದರೊಳಗೆ ಗುಂಪಿನಲ್ಲಿ ಉದ್ದನೆಯ ಸಂದೇಶ ಬಂದಿತ್ತು. ಮಾನವಕುಲದ ಮೂಲವನ್ನು ಅರಸುತ್ತಿರುವ ವಿಜ್ಞಾನಿಯೊಬ್ಬರು ನಮ್ಮ ನಡುವೆಯೇ ಇರುವುದು ನಮ್ಮ ಭಾಗ್ಯ, ತಪ್ಪು ತಿಳಿವಳಿಕೆಗೆ ವಿಷಾದಿಸುತ್ತೇನೆ, ಹಬ್ಬಕ್ಕೆ ನಮ್ಮ ಮನೆಯ ರೊಟ್ಟಿ ಇವರಲ್ಲಿಂದಲೇ. ಗಿರಿಜಾ ಅನ್ನಪೂರ್ಣಮ್ಮನವರಿಗೆ ನಮಸ್ಕಾರ ಮಾಡಿ ಎದ್ದಳು. ಸಾಲಿನ ಸುದ್ದಿಯನ್ನು ಅವಳು ಅಲ್ಲಿಗೇ ಬಿಟ್ಟಳು, ಇವತ್ತಿನವರೆಗೆ ಯಾರ ಮುಂದೆಯೂ ಎತ್ತಿಲ್ಲ. ಇದನ್ನು ಓದಿದ ಮೇಲೆ ನನ್ನನ್ನು ಏನು ಮಾಡುತ್ತಾಳೋ ನೋಡಬೇಕು. ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ ಎನ್ನುವುದೇ ನನ್ನ ಧೈರ್ಯ.

ಆರ್ಡರುಗಳು ತಿರುಗಿ ಬಂದವು. ಮಹಡಿ ಈಗ ಪೂರ್ತಿ ರೊಟ್ಟಿಗೆ ಸೇರಿದ್ದು. ದವಡೆಗಳು ಜಯಮ್ಮನವರ ಹಿತ್ತಿಲ ಗೋಡೆಯ ಮೇಲೆ ಒಣಗುತ್ತವೆ. ಸಂಗಪ್ಪನವರು ಈಗ ಮಂಕಿ ಕ್ಯಾಪಿಲ್ಲದೆ, ಧೈರ್ಯವಾಗಿ ಸಾಲಿನಲ್ಲಿ ನಿಲ್ಲುತ್ತಾರೆ. ಯಾರಾದರೂ ಪರಿಚಯದವರು ಕಂಡರೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವರ ಸಂಶೋಧನೆಗೆ ನಂದೂ ಒಂದು ಅಳಿಲು ಸೇವೆ" ಎನ್ನುತ್ತಾರೆ. ಸೋಮವಾರ ಬೆಳಿಗ್ಗೆ ಒಂದು ದವಡೆಯನ್ನು ತೊಳೆದು, ಕಾಗದದಲ್ಲಿ ಸುತ್ತಿ ನನಗೆ ತಲುಪಿಸುತ್ತಾರೆ. ಉಳಿದ ತಲೆ ಎಲ್ಲಿಗೆ ಹೋಯಿತು ಎಂದು ನಾನು ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ದವಡೆಯ ಒಳಮೈಯಲ್ಲಿ ನಾಲಿಗೆ ಬಿಡಿಸಿದ ಚಾಕುವಿನ ಗೆರೆಗಳಿರುತ್ತವೆ, ಅವು ಹೊಸಬರ ಕೈಯ ಗೆರೆಗಳಲ್ಲ. ಒಳ್ಳೆಯ ದವಡೆಗಳು, ಒಂದೂ ಮುರಿದಿರುವುದಿಲ್ಲ. ನನ್ನ ಹೊಸ ಲೇಖನದ ಕೊನೆಯಲ್ಲಿ ಮಾದರಿಗಳನ್ನು ಒದಗಿಸಿದ ಹಿರಿಯರು ಎಂದು ಅವರಿಗೆ ಕೃತಜ್ಞತೆ ಹೇಳಿದ್ದೇನೆ. ಅದೇ ಲೇಖನದ ನಡುವೆ, ಹಳ್ಳದ ದಂಡೆಯವರು ಆ ಪ್ರಾಣಿಯನ್ನು ತಿಂದಿದ್ದರು ಎಂದು ಹಿಂದೆ ಬರೆದಿದ್ದನ್ನು ತಿಂದಿರಬಹುದು ಎಂದು ತಿದ್ದಿದ್ದೇನೆ. ಇಷ್ಟು ದಿನ ಇಲ್ಲದ ಅನುಮಾನ ಈಗೇಕೆ ಎಂದು ಜೊತೆಯವರು ಕೇಳಿದರು. ಆ ಗುಂಪಿನಲ್ಲೂ ಬರೀ ಹಲ್ಲು ನೋಡುವ ಬಡಪಾಯಿಯೊಬ್ಬ ಇದ್ದಿರಬಹುದಲ್ಲ ಎಂದೆ. ಅವರು ನಕ್ಕರು, ನಾನು ನಗಲಿಲ್ಲ.

ಕಳೆದ ಸೋಮವಾರ ಸಂಗಪ್ಪನವರು ನಮ್ಮನ್ನು ಪಾರಾಯಣಕ್ಕೆ ಕರೆದಿದ್ದರು. ಪಾರಾಯಣ ಮುಗಿದು ಪ್ರಸಾದಕ್ಕೆ ಎಲ್ಲರೂ ಸಾಲಾಗಿ ಕುಳಿತೆವು. ಗಿರಿಜಾಳ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಬಡಿಸುತ್ತ ಬಂದ ತಾಯಿಯೊಬ್ಬರು ನನ್ನ ಮುಂದೆ ನಿಂತು, ಬಹಳ ಮರುಕದಿಂದ, "ನಿಮಗ ಇದೆಲ್ಲಾ ಸಪ್ಪಗ ಆಗ್ತೈತೇನೋ" ಎಂದರು. ಗುಂಪಿನಲ್ಲಿ ಬಂದ ವಿಷಾದದ ಸಂದೇಶವನ್ನು ಎಲ್ಲರೂ ಓದಿದ್ದರು, ಯಾರೂ ನಂಬಿರಲಿಲ್ಲ. ನಾನು ಗಾಬರಿಯಿಂದ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲೇ ಕುಳಿತಿದ್ದ ಸಂಗಪ್ಪನವರು ಹೌದೆನ್ನುವಂತೆ ತಲೆಯಾಡಿಸಿ, ನನ್ನ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿಸಿ, ನನ್ನ ತೊಡೆಯನ್ನು ಮೆಲ್ಲಗೆ ತಟ್ಟಿ ಸಮಾಧಾನ ಹೇಳಿದರು: "ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ರಿ, ಪಾಪ."